ಒಂಟಿಗಾಲಿಗೆ ನೇಣು

ಟ್ಯಾರೋ ಕಟ್ಟಿನ ಹನ್ನೆರಡನೆಯ ಎಲೆಯಲ್ಲಿ ಒಬ್ಬ ಮನುಷ್ಯ ತಲೆಕೆಳಗಾಗಿ ನೇತಾಡುತ್ತಿರುತ್ತಾನೆ. ಹಗ್ಗ ಬಿಗಿದಿರುವುದು ಕುತ್ತಿಗೆಗಲ್ಲ, ಒಂದು ಪಾದಕ್ಕೆ. ಇನ್ನೊಂದು ಕಾಲು ಮಡಚಿಕೊಂಡು, ಕಟ್ಟಿದ ಕಾಲಿಗೆ ಅಡ್ಡಹಾಯ್ದಿದೆ. ಕೈಗಳು ಬೆನ್ನ ಹಿಂದೆ. ಮುಖದಲ್ಲಿ ಮಾತ್ರ ನೋವಿನ ಸುಳಿವಿಲ್ಲ. ಇವತ್ತು ಬೆಂಗಳೂರಿನಲ್ಲಾಗಲಿ ಲಂಡನ್ನಿನಲ್ಲಾಗಲಿ ಟ್ಯಾರೋ ನೋಡುವವರ ಮುಂದೆ ಈ ಎಲೆ ಬಿದ್ದರೆ ಹೆಚ್ಚುಕಮ್ಮಿ ಒಂದೇ ಮಾತು ಕೇಳಿಬರುತ್ತದೆ: ಅವಸರ ಬೇಡ, ಸ್ವಲ್ಪ ಕಾಲ ಸುಮ್ಮನಿರಿ, ಏನನ್ನಾದರೂ ಬಿಟ್ಟುಕೊಡಲು ಸಿದ್ಧರಾಗಿ, ಲೋಕವನ್ನು ಇನ್ನೊಂದು ಕಡೆಯಿಂದ ನೋಡಿ. ಸ್ವಲ್ಪ ಓದಿಕೊಂಡವರಾದರೆ, ಜ್ಞಾನಕ್ಕಾಗಿ ಮರಕ್ಕೆ ನೇತುಬಿದ್ದ ಉತ್ತರ ಯುರೋಪಿನ ಓಡಿನ್ ದೇವರನ್ನೂ ಕರೆತರುತ್ತಾರೆ.

ಈ ಅರ್ಥ ತಪ್ಪು ಎನ್ನಲು ನಾನು ಹೊರಟಿಲ್ಲ. ನನಗೆ ಬೇಕಿದ್ದದ್ದು ಬೇರೆ. ಹದಿನೈದನೆಯ ಶತಮಾನದ ಇಟಲಿಯಲ್ಲಿ ಈ ಚಿತ್ರ ಬರೆದವನೂ ಅದನ್ನು ಕೈಯಲ್ಲಿ ಹಿಡಿದು ಆಡಿದವರೂ ಅದರಲ್ಲಿ ಯಾರನ್ನು ಕಂಡರು? ಟ್ಯಾರೋ ಕೈಪಿಡಿಗಳಲ್ಲಿ ಇದಕ್ಕೆ ಉತ್ತರ ಹುಡುಕಿ ಫಲವಿಲ್ಲ. ಒಂದು ಕೈಪಿಡಿ ಹಿಂದಿನ ಕೈಪಿಡಿಯನ್ನು ನಂಬುತ್ತದೆ, ಅದು ಅದರ ಹಿಂದಿನದನ್ನು. ಹುಡುಕಬೇಕಾದದ್ದು ಲೆಕ್ಕದ ಪುಸ್ತಕಗಳಲ್ಲಿ, ದಿನಚರಿಗಳಲ್ಲಿ, ಜೂಜನ್ನು ಬಯ್ಯುವ ಪಾದ್ರಿಯ ಉಪದೇಶದಲ್ಲಿ, ಗೋಡೆಗೆ ಚಿತ್ರ ಬರೆದವನಿಗೆ ಸಂದಾಯವಾದ ಹಣದ ನಮೂದಿನಲ್ಲಿ.

ಲೆಕ್ಕದ ಪುಸ್ತಕಗಳಲ್ಲಿ ಕಾಣುವುದು ಆಟ ಮಾತ್ರ. 1440ರ ಸೆಪ್ಟೆಂಬರ್ 16ರಂದು ಅಂಗಿಯಾರಿ ಊರಿನ ನೋಟರಿ ಜ್ಯೂಸ್ತೊ ಜ್ಯೂಸ್ತಿ ತನ್ನ ದಿನಚರಿಯಲ್ಲಿ ಒಂದು ಖರ್ಚು ಬರೆದುಕೊಂಡ. ರಿಮಿನಿಯ ಒಡೆಯ ಸಿಗಿಸ್ಮೊಂದೊ ಮಲತೆಸ್ತಾನಿಗೆ ಅವನ ಲಾಂಛನವಿದ್ದ, ಫ್ಲಾರೆನ್ಸಿನಲ್ಲಿ ಮಾಡಿಸಿದ ಒಂದು ಕಟ್ಟು ‘ತ್ರಿಯೋನ್ಫಿ’ ಎಲೆ (ಟ್ಯಾರೋವನ್ನು ಆಗ ಕರೆಯುತ್ತಿದ್ದದ್ದು ಹೀಗೆ); ಬೆಲೆ 4½ ದುಕಾಟ್. ಟ್ಯಾರೋ ಬಗ್ಗೆ ಈವರೆಗೆ ಸಿಕ್ಕಿರುವ ಅತ್ಯಂತ ಹಳೆಯ ದಾಖಲೆ ಇದೇ. ಆಮೇಲೆ, 1442ರ ಫೆಬ್ರವರಿಯಲ್ಲಿ, ಫೆರಾರಾದ ಅರಮನೆ ಸಗ್ರಮೋರೊ ಎಂಬ ಚಿತ್ರಗಾರನಿಗೆ 4 ಕಟ್ಟುಗಳಿಗೆ 20 ಲಿರಾ ಕೊಟ್ಟಿದೆ. ಅದೇ ವರ್ಷ ಅರಮನೆಯ ಇಬ್ಬರು ಹುಡುಗರ ಆಟಕ್ಕೆಂದು ಅಂಗಡಿಯ ಅಗ್ಗದ ಕಟ್ಟೊಂದನ್ನೂ ಕೊಂಡದ್ದಿದೆ. ಭವಿಷ್ಯ, ಮಂತ್ರ, ಈಜಿಪ್ಟು ಯಾವುದರ ಸೊಲ್ಲೂ ಇಲ್ಲ. ಮಾಮೂಲಿ ನಾಲ್ಕು ಬಣ್ಣದ ಇಸ್ಪೀಟಿಗೆ ಒಂದು ಸಾಲು ಚಿತ್ರದ ಎಲೆಗಳನ್ನು ಸೇರಿಸಿ, ಅವನ್ನು ಕಾಯಂ ತುರುಪು ಮಾಡಿದ ಆಟ ಅದು.

ಮೈಸೂರಿನ ಗಂಜೀಫಾ ನೋಡಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ವಿವರಿಸಿದ ಆಟಗಳಲ್ಲಿ ದೇವರುಗಳೇ ಎಲೆಯಾಗಿ ಬರುತ್ತಾರೆ. ಎಲೆಯ ಮೇಲೆ ದೇವರಿದ್ದಾನೆಂದು ಯಾರೂ ಅದನ್ನು ರಹಸ್ಯಗ್ರಂಥ ಎನ್ನಲಿಲ್ಲ, ಆಡಿದರು. ಇಟಲಿಯ ಎಲೆಗಳಿಗೂ ನಮ್ಮ ಗಂಜೀಫಾಕ್ಕೂ ದೂರದ ನೆಂಟಸ್ತಿಕೆ ಇದ್ದೀತು. ಇಸ್ತಾಂಬುಲ್ಲಿನ ತೋಪ್‌ಕಪಿ ಅರಮನೆಯಲ್ಲಿ ಉಳಿದಿರುವ ಮಮ್ಲೂಕ್ ಕಾಲದ ಎಲೆಗಳಲ್ಲಿ ಇಟಲಿಯ ಬಟ್ಟಲು, ನಾಣ್ಯ, ಕತ್ತಿಗಳ ಪೂರ್ವರೂಪವೂ ಇದೆ, ‘ಕಂಜೀಫಾ’ ಎಂಬ ಮಾತೂ ಇದೆ. ಆ ದಾರಿ ಹಿಡಿದರೆ ಈ ಲೇಖನ ಬೇರೆಲ್ಲಿಗೋ ಹೋಗುತ್ತದೆ.

ನಮ್ಮ ಮನುಷ್ಯ ಮೊದಲು ಕಣ್ಣಿಗೆ ಬೀಳುವುದು ಮಿಲಾನಿನ ಡ್ಯೂಕ್ ಫ್ರಾಂಚೆಸ್ಕೊ ಸ್ಫೋರ್ಜಾ ಮತ್ತು ಅವನ ಹೆಂಡತಿ ಬಿಯಾಂಕಾ ಮಾರಿಯಾ ವಿಸ್ಕೊಂಟಿಯ ಮನೆತನಕ್ಕೆಂದು ಬರೆದ ಎಲೆಗಳಲ್ಲಿ. ಬರೆದವನು ಬೋನಿಫಾಚೊ ಬೆಂಬೊ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಕಾಲ 1450ರ ಆಸುಪಾಸು. ಆ ಕಟ್ಟಿನ 74 ಎಲೆಗಳು ಉಳಿದಿವೆ: 35 ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ, 26 ಬೆರ್ಗಾಮೊ ಊರಿನ ಕರಾರಾ ಅಕಾಡೆಮಿಯಲ್ಲಿ, 13 ಅದೇ ಊರಿನ ಕೊಲ್ಲಿಯೋನಿ ಮನೆತನದಲ್ಲಿ. ಒಂದೊಂದು ಎಲೆಯೂ ಅಂಗೈಗಿಂತ ದೊಡ್ಡದು, ಎತ್ತರ 17 ಸೆಂಟಿಮೀಟರ್ ದಾಟುತ್ತದೆ. ಚಿತ್ರಗಳನ್ನು ಹಿಗ್ಗಿಸಿ ನೋಡಿದರೆ ಚಿನ್ನದ ತಗಡಿನ ಮೇಲೆ ಮೊಳೆಯಿಂದ ಒತ್ತಿ ಮೂಡಿಸಿದ ಕುಸುರಿ ಕಾಣುತ್ತದೆ. ಮೇಲಂಚಿನ ಹತ್ತಿರ ಒಂದು ಸಣ್ಣ ತೂತು. ಯಾವ ಕಾಲದಲ್ಲೋ ಯಾರೋ ಇವನ್ನು ಗೋಡೆಗೆ ಹೊಡೆದಿದ್ದರು. ಎಲೆಗಳ ಮೇಲೆ ಅಂಕಿಯಿಲ್ಲ, ಹೆಸರಿಲ್ಲ. ಹಾಗಾಗಿ ಎಲೆಯೇ ಏನನ್ನೂ ಹೇಳುವುದಿಲ್ಲ. ಹೆಸರನ್ನು ಬೇರೆ ಕಡೆ ಕೇಳಬೇಕು.

ಹೆಸರು ಕೊಡುವವನು ಒಬ್ಬ ಸಿಟ್ಟಿನ ಪಾದ್ರಿ. ಹದಿನೈದನೆಯ ಶತಮಾನದ ಕೊನೆಯ ಭಾಗದ ಲ್ಯಾಟಿನ್ ಉಪದೇಶಗಳ ಹಸ್ತಪ್ರತಿಯೊಂದು ಇಂಗ್ಲಿಷ್ ವಿದ್ವಾಂಸ ರಾಬರ್ಟ್ ಸ್ಟೀಲ್ ಕೈಗೆ ಬಂದಿತ್ತು. 1900ರಲ್ಲಿ ಅವರು ಅದರ ಭಾಗವನ್ನು ಲಂಡನ್ನಿನ ‘ಆರ್ಕಿಯಾಲಜಿಯಾ’ದಲ್ಲಿ ಅಚ್ಚು ಹಾಕಿಸಿದರು. ದಾಳ, ಇಸ್ಪೀಟು, ತ್ರಿಯೋನ್ಫಿ ಮೂರನ್ನೂ ಜಾಲಾಡುವ ಆ ಪಾದ್ರಿ, ತುರುಪಿನ 21 ಎಲೆಗಳು ನರಕಕ್ಕಿಳಿಯುವ ಏಣಿಯ 21 ಮೆಟ್ಟಿಲು ಎಂದು ಗುಡುಗುತ್ತಾನೆ. ಗುಡುಗಲಿ ಬಿಡಿ, ನಮಗೆ ಉಪಕಾರವೇ ಆಯಿತು. ಯಾಕೆಂದರೆ ಬಯ್ಯುವ ಭರದಲ್ಲಿ ಪ್ರತಿ ಎಲೆಯ ಹೆಸರನ್ನೂ ಸಾಲಾಗಿ ಬರೆದಿಟ್ಟಿದ್ದಾನೆ. ಪೋಪ್ ಎಲೆಯ ಮುಂದೆ, ಪವಿತ್ರನಾಗಿರಬೇಕಾದವನನ್ನು ಈ ಪೋಲಿಗಳು ತಮ್ಮ ನಾಯಕನನ್ನಾಗಿ ಮಾಡಿಕೊಂಡಿದ್ದಾರೆ ಎಂಬ ಸಂಕಟವಿದೆ. ಅದೃಷ್ಟದ ಚಕ್ರಕ್ಕೆ ಆಳಿದ್ದು, ಆಳುವುದು, ರಾಜ್ಯ ಕಳೆದುಕೊಳ್ಳುವುದು ಎಂದು ವಿವರಣೆ ಇದೆ. 11 ಗೂನುಬೆನ್ನಿನ ಮುದುಕ. 12 ‘ಲೊ ಇಂಪಿಕಾತೊ’, ನೇಣಿಗೆ ಬಿದ್ದವನು. 13 ಸಾವು, 14 ಸೈತಾನ.

ಹನ್ನೆರಡರ ಮುಂದೆ ಒಂದಕ್ಷರದ ಟಿಪ್ಪಣಿಯೂ ಇಲ್ಲ. ಇದನ್ನು ನಾನು ಮೌನ ಎಂದು ಓದುವುದಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ವಿವರಿಸುವುದಿಲ್ಲ, ಅಷ್ಟೇ. ಏನು ಗೊತ್ತಿತ್ತು ಎನ್ನುವುದು ಬೇರೆ ಪಟ್ಟಿಗಳಲ್ಲಿ ಬಿಚ್ಚಿಕೊಳ್ಳುತ್ತದೆ.  ಅವುಗಳಲ್ಲಿ ಕೆಲವು ಕಡೆ ಈ ಮನುಷ್ಯನ ಹೆಸರು ‘ಇಲ್ ತ್ರಾದಿತೋರೆ’, ದ್ರೋಹಿ. ಇಟಲಿಯ ಹಲವು ಊರುಗಳಲ್ಲಿ ಅವನಿಗೆ ಇದೇ ಹೆಸರು.

ಚಿತ್ರದಲ್ಲೂ ಸಾಕ್ಷಿ ಉಂಟು. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ 17 ಎಲೆಗಳ ಒಂದು ಕಟ್ಟನ್ನು ಬಹುಕಾಲ ‘ಆರನೆಯ ಚಾರ್ಲ್ಸ್‌ನ ಟ್ಯಾರೋ’ ಎನ್ನುತ್ತಿದ್ದರು. ಫ್ರಾನ್ಸಿನ ಆ ಹುಚ್ಚು ದೊರೆಯ ಖಜಾಂಚಿ 1392ರಲ್ಲಿ ಜಾಕ್‌ಮಾಂ ಗ್ರ್ಯಾಂಗೊನರ್ ಎಂಬ ಚಿತ್ರಗಾರನಿಗೆ 3 ಕಟ್ಟು ಎಲೆಗಳಿಗೆ ಹಣ ಕೊಟ್ಟ ನಮೂದು ಸಿಕ್ಕಿತ್ತು. ಒಂದು ಕಡೆ ಹಣದ ನಮೂದು, ಇನ್ನೊಂದು ಕಡೆ ಚೆಂದದ ಎಲೆಗಳು; ಎರಡಕ್ಕೂ ಮದುವೆ ಮಾಡಿಸಿಬಿಟ್ಟರು. ಆ ಎಲೆಗಳು ಹದಿನೈದನೆಯ ಶತಮಾನದ ಮಧ್ಯಭಾಗದ ಇಟಲಿಯವು ಎಂದು ಈಗ ಒಪ್ಪಿದ್ದಾರೆ. ಅದರಲ್ಲಿ ನೇತುಬಿದ್ದವನ ಕೈ ಬೆನ್ನ ಹಿಂದಿಲ್ಲ. ಎರಡು ಕೈಯಲ್ಲೂ ಒಂದೊಂದು ಹಣದ ಚೀಲ. ಕ್ರೈಸ್ತ ಲೋಕದಲ್ಲಿ ಹಣದ ಚೀಲ ಹಿಡಿದ ದ್ರೋಹಿ ಎಂದರೆ 30 ಬೆಳ್ಳಿನಾಣ್ಯಕ್ಕೆ ಗುರುವನ್ನು ಮಾರಿದ ಯೂದಾಸ.

ಆದರೂ ಒಂದು ತೊಡಕು ಉಳಿಯುತ್ತದೆ. ಬೈಬಲ್ಲಿನ ಯೂದಾಸ ನೇಣು ಹಾಕಿಕೊಂಡದ್ದು ಎಲ್ಲರಂತೆ ಕುತ್ತಿಗೆಗೆ. ಕಾಲಿಗೆ ಹಗ್ಗ ಬಂದದ್ದು ಎಲ್ಲಿಂದ?

ಗೋಡೆಗಳಿಂದ. ಇಟಲಿಯ ನಗರರಾಜ್ಯಗಳಲ್ಲಿ ಒಂದು ವಿಚಿತ್ರ ಶಿಕ್ಷೆಯಿತ್ತು, ‘ಪಿತ್ತೂರಾ ಇನ್‌ಫಮಾಂತೆ’, ಮಾನ ಕಳೆಯುವ ಚಿತ್ರ. ದ್ರೋಹ ಬಗೆದವನು, ಸಾಲ ಮುಳುಗಿಸಿದವನು, ಖೋಟಾ ಕೆಲಸ ಮಾಡಿದವನು ಕೈಗೆ ಸಿಗದೆ ಓಡಿಹೋದರೆ ಸರ್ಕಾರವೇ ಚಿತ್ರಗಾರನಿಗೆ ಹಣ ಕೊಟ್ಟು, ನ್ಯಾಯಾಲಯದ ಹೊರಗೋಡೆಯ ಮೇಲೆ ಅವನ ಆಳೆತ್ತರದ ಚಿತ್ರ ಬರೆಸುತ್ತಿತ್ತು. ಬಹಳ ಸಲ ತಲೆಕೆಳಗಾಗಿ, ಒಂದು ಕಾಲಿಗೆ ಹಗ್ಗ ಕಟ್ಟಿ. ಪಕ್ಕದಲ್ಲಿ ಹೆಸರು, ಅಪರಾಧ. ಮಾನವೇ ಬಂಡವಾಳವಾಗಿದ್ದ ವ್ಯಾಪಾರಿ ಊರುಗಳಲ್ಲಿ ಇದು ಸಣ್ಣ ಶಿಕ್ಷೆಯಲ್ಲ. ಈ ಪದ್ಧತಿಯ ದಾಖಲೆಗಳನ್ನು ಗೆರಾರ್ದೊ ಒರ್ತಾಲ್ಲಿ 1979ರಲ್ಲಿ, ಸ್ಯಾಮ್ಯುಯೆಲ್ ಎಡ್ಗರ್ಟನ್ 1985ರಲ್ಲಿ ಪುಸ್ತಕವಾಗಿ ಕೂಡಿಸಿದರು. ದಾಖಲೆ ಎಂದರೆ ಕಾನೂನಿನ ಕಲಮು, ಹಣದ ನಮೂದು, ಚರಿತ್ರೆಕಾರರ ಒಂದೆರಡು ಸಾಲು. ಗೋಡೆಗಳು ಮಾತ್ರ ಒಂದೂ ಉಳಿದಿಲ್ಲ. ಮಾಡಿದ್ದೇ ಅಳಿಸುವುದಕ್ಕೆ: ಅಪರಾಧಿ ರಾಜಿಯಾದರೆ, ಪಕ್ಷ ಬದಲಾದರೆ, ಅವನ ಮನೆಯವರು ಅಧಿಕಾರಕ್ಕೆ ಬಂದರೆ ಮೊದಲ ಕೆಲಸ ಗೋಡೆಗೆ ಸುಣ್ಣ.

ಫ್ಲಾರೆನ್ಸಿನ ಉದಾಹರಣೆಗಳು ಸಾಲಾಗಿ ಸಿಗುತ್ತವೆ. 1440ರ ಜೂನ್ 29ರಂದು ಅಂಗಿಯಾರಿ ಕಾಳಗದಲ್ಲಿ ಮಿಲಾನಿನ ಸೈನ್ಯ ಸೋತಿತು. ಅದರ ಜೊತೆ ಸೇರಿದ್ದ ಫ್ಲಾರೆನ್ಸಿನ ದೇಶಭ್ರಷ್ಟರನ್ನು ನೇತುಹಾಕಿದಂತೆ ಪೊದೆಸ್ತಾ ಅರಮನೆಯ ಗೋಡೆಯ ಮೇಲೆ ಬರೆದವನು ಯುವಕ ಆಂದ್ರೆಯಾ ದೆಲ್ ಕಸ್ತಾಞೊ. ಆಮೇಲೆ ಜನ ಅವನನ್ನು ನೇಣುಗಳ ಆಂದ್ರೆಯಾ ಎಂದೇ ಕರೆದರು. ಅದೇ ಊರು, ಅದೇ ವರ್ಷ, ಮೂರು ತಿಂಗಳು ತುಂಬುವ ಮೊದಲು, ಆ ಅಂಗಿಯಾರಿಯದೇ ನೋಟರಿ ಟ್ಯಾರೋ ಕಟ್ಟಿಗೆ 4½ ದುಕಾಟ್ ಕೊಟ್ಟದ್ದು. ಆ ಕಟ್ಟು ಉಳಿದಿಲ್ಲವಾದ್ದರಿಂದ ಇದರಿಂದ ಏನೂ ಸಾಬೀತಾಗುವುದಿಲ್ಲ. ಎಲೆ ಹುಟ್ಟಿದ ಬೀದಿಯಲ್ಲಿ ಗೋಡೆಗಳು ಹೇಗಿದ್ದವು ಎಂಬುದಂತೂ ಗೊತ್ತಾಗುತ್ತದೆ. 1478ರಲ್ಲಿ ಊರನ್ನು ಆಳುತ್ತಿದ್ದ ಮೆದಿಚಿಗಳ ಮೇಲೆ ಪಾಜ್ಜಿ ಮನೆತನ ನಡೆಸಿದ ಹತ್ಯಾಸಂಚು ಮುರಿದುಬಿದ್ದ ಮೇಲೆ ಸಂಚುಗಾರರನ್ನು ಗೋಡೆಗೆ ಏರಿಸುವ ಕೆಲಸ ಚಿತ್ರಗಾರ ಬೊತ್ತಿಚೆಲ್ಲಿಗೆ ಬಂತು. ಸಂಭಾವನೆ 40 ಫ್ಲಾರಿನ್. ಸಿಕ್ಕಿ ಸತ್ತವರೆಲ್ಲ ಕುತ್ತಿಗೆಗೆ ನೇತಾಡುತ್ತಿದ್ದರೆ, ತಪ್ಪಿಸಿಕೊಂಡ ನಪೊಲಿಯೋನೆ ಫ್ರಾಂಜೇಸಿಯನ್ನು ಮಾತ್ರ ಒಂದು ಕಾಲಿಗೆ ಕಟ್ಟಿ ಬರೆದಿದ್ದ ಎಂದು ಹಳೆಯ ಬರಹವೊಂದು ಹೇಳುತ್ತದೆ. ಹಾಗಾದರೆ ತಲೆಕೆಳಗಾದ ಮನುಷ್ಯ ಹೆಣವಲ್ಲ. ಕೈಗೆ ಸಿಗದವನು. ಆ ಎಲೆಯ ಮುಖದಲ್ಲಿ ಸಾವಿನ ಕಳೆ ಯಾಕಿಲ್ಲ ಎನ್ನುವುದಕ್ಕೆ ಸಮಾಧಿ, ಧ್ಯಾನಗಳಿಗಿಂತ ಈ ಕಾರಣ ನನಗೆ ಹೆಚ್ಚು ಒಪ್ಪಿಗೆ.

ಗೋಡೆಗಳು ಹೋದರೂ ಒಂದು ಕಡೆ ಆ ದೃಶ್ಯ ಕಣ್ಣಿಗೆ ಸಿಗುತ್ತದೆ. 1529–30ರಲ್ಲಿ ಫ್ಲಾರೆನ್ಸಿಗೆ ಬಿದ್ದ ಮುತ್ತಿಗೆಯಲ್ಲಿ ಆ ಊರಿನ ಕೆಲವು ದಳಪತಿಗಳು ಹಣದ ಸಮೇತ ಪರಾರಿಯಾದರು. ಅವರನ್ನು ಬರೆಯಲು ನಗರ ಆಂದ್ರೆಯಾ ದೆಲ್ ಸಾರ್ತೊನನ್ನು ಹಿಡಿಯಿತು. ಅವನಿಗೆ ಕಸ್ತಾಞೊಗೆ ಅಂಟಿದ ಅಡ್ಡಹೆಸರಿನ ಭಯ. ಕಲಾವಿದರ ಚರಿತ್ರೆ ಬರೆದ ವಸಾರಿಯ ಪ್ರಕಾರ ಅವನು ಕೆಲಸವನ್ನು ಶಿಷ್ಯ ಬೆರ್ನಾರ್ದೊ ದೆಲ್ ಬೂದಾನಿಗೆ ಒಪ್ಪಿಸಿದಂತೆ ನಟಿಸಿ, ಗೋಡೆಯ ಮುಂದೆ ಹಲಗೆಯ ಮರೆ ಕಟ್ಟಿಸಿ, ರಾತ್ರಿ ಕದ್ದು ಒಳಹೊಕ್ಕು ತಾನೇ ಬರೆದ. ಅದಕ್ಕಾಗಿ ಮಾಡಿದ ಅಭ್ಯಾಸಚಿತ್ರಗಳು ಫ್ಲಾರೆನ್ಸಿನ ಉಫೀಜಿ ಸಂಗ್ರಹಾಲಯದಲ್ಲಿವೆ. ಕೆಂಪು ಸೀಮೆಸುಣ್ಣದಲ್ಲಿ ಬರೆದ ಗಂಡಸರು, ಒಂದು ಪಾದ ಮೇಲೆ ಬಿಗಿದು, ಕಟ್ಟಿಲ್ಲದ ಕಾಲು ತನ್ನ ಭಾರಕ್ಕೆ ತಾನೇ ಬಾಗಿ ಪಕ್ಕಕ್ಕೆ ವಾಲಿದೆ. ಟ್ಯಾರೋ ವ್ಯಾಖ್ಯಾನಕಾರರು ಆ ಮಡಚಿದ ಕಾಲಿನಲ್ಲಿ ಶಿಲುಬೆ ಕಂಡಿದ್ದಾರೆ, ಗಂಧಕದ ರಸವಿದ್ಯಾ ಚಿಹ್ನೆ ಕಂಡಿದ್ದಾರೆ. ಸಾರ್ತೊನ ಚಿತ್ರ ನೋಡಿದ ಮೇಲೆ ನನಗೆ ಕಾಣುವುದು, ಒಂಟಿಗಾಲಲ್ಲಿ ನೇತುಹಾಕಿದ ಮೈ ಇನ್ನೊಂದು ಕಾಲನ್ನು ಎಲ್ಲಿ ಇಡುತ್ತದೆ ಎಂಬ ಕಲಾವಿದನ ಲೆಕ್ಕಾಚಾರ.

ಈ ಹುಡುಕಾಟದ ಅತ್ಯಂತ ರುಚಿಯಾದ ಪ್ರಸಂಗ ರೋಮಿನದು. 1412ರಲ್ಲಿ ಕೂಲಿ ಸೈನ್ಯದ ನಾಯಕನೊಬ್ಬ ಪ್ರತಿ-ಪೋಪ್ ಇಪ್ಪತ್ತಮೂರನೆಯ ಜಾನ್‌ನ ಪಾಳೆಯ ಬಿಟ್ಟು ನೇಪಲ್ಸಿನ ದೊರೆಯ ಕಡೆಗೆ ಹಾರಿದ. ರೊಚ್ಚಿಗೆದ್ದ ಜಾನ್ ರೋಮಿನ ಸೇತುವೆಗಳ, ಹೆಬ್ಬಾಗಿಲುಗಳ ಮೇಲೆ ಆ ನಾಯಕನ ಚಿತ್ರ ಬರೆಸಿದ: ಬಲಗಾಲಿಗೆ ಹಗ್ಗ, ತಲೆಕೆಳಗೆ, ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಬರಹ. ಗುದ್ದಲಿ ಅವನ ರೈತ ಹುಟ್ಟನ್ನು ಹಂಗಿಸಲು. ಬರಹದ ತಾತ್ಪರ್ಯ, ತಾನು ಕೊಟಿನ್ಯೋಲಾದ ಹಳ್ಳಿಗ, ಚರ್ಚಿಗೆ ಹನ್ನೆರಡು ದ್ರೋಹ ಬಗೆದವನು ಎಂಬ ತಪ್ಪೊಪ್ಪಿಗೆ. ಆ ನಾಯಕನ ಹೆಸರು ಮೂತ್ಸಿಯೊ ಅತ್ತೆಂದೋಲೊ, ಬಿರುದು ಸ್ಫೋರ್ಜಾ. ಚಿನ್ನದ ಎಲೆಗಳ ಒಡೆಯ ಫ್ರಾಂಚೆಸ್ಕೊ ಸ್ಫೋರ್ಜಾನ ಹೆತ್ತ ತಂದೆ.

ನ್ಯೂಯಾರ್ಕಿನ ಗ್ರಂಥಪಾಲಕಿ ಗರ್ಟ್ರೂಡ್ ಮೋಕ್ಲಿ 1966ರಲ್ಲಿ ಬೆಂಬೊನ ಎಲೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಈ ಪ್ರಸಂಗವನ್ನು ಎಲೆಯ ಪಕ್ಕದಲ್ಲಿಟ್ಟರು. ಹನ್ನೆರಡು ದ್ರೋಹ, ಹನ್ನೆರಡನೆಯ ಎಲೆ! ಇಂಥ ಕಡೆ ಮನಸ್ಸು ಜಾರುವುದು ಸುಲಭ. ಬೆಂಬೊನ ಎಲೆಗಳಲ್ಲಿ ಅಂಕಿಯೇ ಇಲ್ಲ ಎಂಬುದನ್ನು ನೆನೆದು ಕೈ ಬಿಡಬೇಕು. ಮಗ ಡ್ಯೂಕನಾದ ಮೇಲೆ, ಅಪ್ಪನ ಮಾನ ಕಳೆದ ಭಂಗಿಯೇ ಇರುವ ಎಲೆಯನ್ನು ಮನೆಯ ಕಟ್ಟಿನಲ್ಲಿ ಇಟ್ಟುಕೊಂಡದ್ದು ಹೇಗೆ? ನನ್ನ ತರ್ಕ ಇಷ್ಟು: ಅಷ್ಟು ಹೊತ್ತಿಗೆ ದ್ರೋಹಿ ತುರುಪಿನ ಸಾಲಿನ ಕಾಯಂ ಸದಸ್ಯ. ಚಕ್ರ ತಿರುಗುತ್ತದೆ, ಮುಪ್ಪು ಬರುತ್ತದೆ, ನಂಬಿದವನು ಕೈಕೊಡುತ್ತಾನೆ, ಸಾವು ಬರುತ್ತದೆ. ಆ ಸಾಲಿನಿಂದ ಒಂದನ್ನು ಕಿತ್ತರೆ ಆಟ ಕೆಡುತ್ತದೆ. ಅಲ್ಲದೆ ಸ್ಫೋರ್ಜಾ ಮನೆತನ ಮೇಲೆ ಬಂದದ್ದೇ ಪಾಳೆಯ ಬದಲಿಸುವ ಕಸುಬಿನಿಂದ. ಆ ಕಸುಬಿನವರಿಗೆ ಇಂಥ ಚಿತ್ರ ಒಂದು ಬಗೆಯ ವೃತ್ತಿಯ ಅಪಾಯ ಅಷ್ಟೇ.

ಹೀಗೆ ಬೀದಿಗೆಲ್ಲ ಗೊತ್ತಿದ್ದ ಅರ್ಥ ಕಳೆದುಹೋದದ್ದು ಪ್ಯಾರಿಸ್ಸಿನಲ್ಲಿ. ಆಟ ಆಲ್ಪ್ಸ್ ದಾಟಿ ಫ್ರಾನ್ಸಿಗೆ ಬಂದಾಗ ಎಲೆಯ ಮೇಲೆ ಅಚ್ಚಾದದ್ದು ‘ಲ ಪಾಂದ್ಯೂ’, ನೇತುಬಿದ್ದವನು. ಗೋಡೆಯ ಚಿತ್ರಗಳ ನೆನಪು ಜೊತೆಗೆ ಬರಲಿಲ್ಲ. ಹದಿನೆಂಟನೆಯ ಶತಮಾನದ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಆ ಆಟದ ಬಳಕೆಯೂ ತಪ್ಪಿತ್ತು. 1781ರಲ್ಲಿ ‘ಮೋಂದ್ ಪ್ರಿಮಿತಿಫ್’ ಗ್ರಂಥಮಾಲೆಯ ಎಂಟನೆಯ ಸಂಪುಟದಲ್ಲಿ ಪಾದ್ರಿ-ಪಂಡಿತ ಆಂತ್ವಾನ್ ಕೂರ್ ದ ಜೆಬೆಲಾಂ ಟ್ಯಾರೋ ಎಂದರೆ ಈಜಿಪ್ಟಿನ ಪುರೋಹಿತರ ಗ್ರಂಥ ಎಂದು ಘೋಷಿಸಿದ. ಪರಿಚಯದ ಹೆಂಗಸಿನ ಮನೆಯಲ್ಲಿ ಆಡುತ್ತಿದ್ದ ಎಲೆಗಳನ್ನು ನೋಡಿ, ಕಾಲುಗಂಟೆಯಲ್ಲಿ ಎಲ್ಲ ಹೊಳೆಯಿತಂತೆ. ಈಜಿಪ್ಟಿನ ಲಿಪಿಯನ್ನು ಶಾಂಪೊಲಿಯೊಂ ಓದಿದ್ದು 1822ರಲ್ಲಿ. ಅದಕ್ಕೆ ನಲವತ್ತು ವರ್ಷ ಮೊದಲೇ ಹೊಳೆದುಬಿಟ್ಟಿತ್ತು. ಹನ್ನೆರಡನೆಯ ಎಲೆಗೆ ಅವನ ಚಿಕಿತ್ಸೆ ಇನ್ನೂ ಸೊಗಸು. ನಾಲ್ಕು ಸದ್ಗುಣಗಳಲ್ಲಿ ನ್ಯಾಯ, ಸ್ಥೈರ್ಯ, ಸಂಯಮ ಮೂರೂ ತುರುಪಿನಲ್ಲಿವೆ. ವಿವೇಕ ಮಾತ್ರ ಇಲ್ಲ. ಹಾಗಾದರೆ ಈ ಎಲೆಯೇ ವಿವೇಕ, ಒಂದು ಕಾಲೂರಿ ಇನ್ನೊಂದನ್ನು ಎಲ್ಲಿಡಲಿ ಎಂದು ಯೋಚಿಸುತ್ತ ನಿಂತ ಮನುಷ್ಯ; ದಡ್ಡ ಅಚ್ಚುಗಾರನೊಬ್ಬ ಅವನನ್ನು ತಲೆಕೆಳಗು ಮಾಡಿದ!

ನಗಬಹುದು. ಆದರೆ ಈ ವಿವೇಕ ಎಷ್ಟು ದೂರ ಹೋಯಿತು ನೋಡಿ. ಎತ್ತೆಯಾ ಎಂಬ ಹೆಸರಿನಲ್ಲಿ ಕಣಿ ಹೇಳುತ್ತಿದ್ದ ಜಾಂ ಬಾಪ್ತಿಸ್ತ್ ಅಲಿಯೆತ್, 1789ರ ಸುಮಾರಿಗೆ ಭವಿಷ್ಯಕ್ಕೆಂದೇ ಮಾಡಿಸಿದ ಕಟ್ಟಿನಲ್ಲಿ ನೇತುಬಿದ್ದವನನ್ನು ಕಿತ್ತುಹಾಕಿ ಆ ಜಾಗದಲ್ಲಿ ವಿವೇಕವನ್ನು ಕೂರಿಸಿದ. ಎಲೆ ಉಲ್ಟಾ ಬಿದ್ದರೆ ‘ಜನ’ ಎಂದು ಬರೆದ. ನೂರಿಪ್ಪತ್ತು ವರ್ಷದ ಮೇಲೆ ಲಂಡನ್ನಿನಲ್ಲಿ ಆರ್ಥರ್ ಎಡ್ವರ್ಡ್ ವೇಟ್ ತನ್ನ ಕಟ್ಟಿಗೆ ಕೈಪಿಡಿ ಬರೆದಾಗ, ಹಳೆಯ ವ್ಯಾಖ್ಯಾನಗಳನ್ನು ಒಂದೊಂದಾಗಿ ತಳ್ಳಿಹಾಕಿ, ಇದು ಸಾವಲ್ಲ, ತಡೆಹಿಡಿದ ಬದುಕು ಎಂದ. ಪುಸ್ತಕದ ಕೊನೆಯ ಅರ್ಥಪಟ್ಟಿಗೆ ಹೋಗಿ ನೋಡಿದರೆ ಹನ್ನೆರಡಕ್ಕೆ ಜ್ಞಾನ, ಮುಂದಾಲೋಚನೆ, ತ್ಯಾಗ, ಭವಿಷ್ಯವಾಣಿ. ಉಲ್ಟಾ ಬಿದ್ದರೆ ಸ್ವಾರ್ಥ, ಜನಜಂಗುಳಿ, ರಾಜ್ಯಸಮುದಾಯ. ಜನಜಂಗುಳಿಗೂ ನೇತುಬಿದ್ದವನಿಗೂ ಏನು ಸಂಬಂಧ ಎಂದು ನಾನು ತಲೆ ಕೆರೆದುಕೊಂಡಿದ್ದೆ. ಸಂಬಂಧವಿರುವುದು ಚಿತ್ರದೊಂದಿಗೆ ಅಲ್ಲ. ಅದು ಎತ್ತೆಯಾನ ‘ಜನ’. ಮುಂದಾಲೋಚನೆ ಜೆಬೆಲಾಂನ ವಿವೇಕ. ಎಲೆಯ ಚಿತ್ರ ಮರಳಿ ಬಂದರೂ ಅರ್ಥ ಮಾತ್ರ ಬದಲಿ ಎಲೆಯದೇ ಉಳಿಯಿತು.

ಆ ಕಟ್ಟಿಗೆ 1909ರಲ್ಲಿ ಚಿತ್ರ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. 80 ಚಿತ್ರ, ದೊಡ್ಡ ಕೆಲಸ, ತೀರ ಸಣ್ಣ ಹಣ ಎಂದು ಅವಳು ನ್ಯೂಯಾರ್ಕಿನ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಜ್‌ಗೆ ಬರೆದ ಕಾಗದ ಉಳಿದಿದೆ. ಗಲ್ಲುಗಂಬವನ್ನು ಅವಳು ಎಲೆ ಚಿಗುರಿದ ಮರವನ್ನಾಗಿಸಿದಳು, ತಲೆಯ ಸುತ್ತ ಪ್ರಭಾವಳಿ ಬರೆದಳು. ಇಂದು ಜಗತ್ತಿನ ಬಹುಪಾಲು ಟ್ಯಾರೋ ಕಟ್ಟುಗಳಿಗೆ ಮಾದರಿ ಇದೇ. ಪ್ರಭಾವಳಿ ಹೊತ್ತವನನ್ನು ದ್ರೋಹಿ ಎನ್ನಲು ಯಾರಿಗೆ ಬಾಯಿ ಬಂದೀತು? ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಎಲೆ ಪರಿಚಯವಾಗುವುದು 1922ರ ಎಲಿಯಟ್ಟನ ‘ದ ವೇಸ್ಟ್ ಲ್ಯಾಂಡ್’ ಮೂಲಕ. ಟ್ಯಾರೋ ಕಟ್ಟಿನ ನಿಜವಾದ ರಚನೆ ತನಗೆ ಗೊತ್ತಿಲ್ಲ, ತನಗೆ ಬೇಕಾದಂತೆ ಬಳಸಿದ್ದೇನೆ ಎಂದು ಕವಿ ಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾನೆ. ಮೇಷ್ಟರುಗಳು ಆ ಟಿಪ್ಪಣಿ ಓದಿಸುವುದು ಕಡಿಮೆ.

ತತ್ತ್ವಶಾಸ್ತ್ರಜ್ಞ ಮೈಕಲ್ ಡಮ್ಮೆಟ್ 1980ರಲ್ಲಿ ಟ್ಯಾರೋ ಆಟದ ಬೃಹತ್ ಇತಿಹಾಸ ಬರೆದಾಗ ಅವರ ವಾದದ ತಿರುಳು, ಇದು ಮುನ್ನೂರಕ್ಕೂ ಹೆಚ್ಚು ವರ್ಷ ಬರೀ ಆಟವಾಗಿತ್ತು, ಗೂಢವಿದ್ಯೆ ಆಮೇಲೆ ಅಂಟಿದ್ದು ಎಂಬುದು. ಆಮೇಲೆ ಅದಕ್ಕೊಂದು ತಿದ್ದುಪಡಿ ಬಂತು. ಬೊಲೊನ್ಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಫ್ರಾಂಕೊ ಪ್ರತೇಸಿಗೆ ಒಂದು ಹಾಳೆ ಸಿಕ್ಕಿತು, 1989ರಲ್ಲಿ ಪ್ರಕಟಿಸಿದರು. 1750ರ ಸುಮಾರಿನದು, ಅಂದರೆ ಜೆಬೆಲಾಂಗಿಂತ ಮೂವತ್ತು ವರ್ಷ ಹಿಂದಿನದು. ಅದರಲ್ಲಿ ಬೊಲೊನ್ಯಾ ಟ್ಯಾರೋದ 35 ಎಲೆಗಳಿಗೆ ಕಣಿಯ ಅರ್ಥಗಳಿವೆ. ಈಜಿಪ್ಟಿಲ್ಲ, ಹೀಬ್ರೂ ಅಕ್ಷರಗಳಿಲ್ಲ. ಪ್ರೇಮ ಎಂದರೆ ಪ್ರೇಮ, ರಥ ಎಂದರೆ ಪ್ರಯಾಣ, ಮುದುಕ ಎಂದರೆ ಒಬ್ಬ ಮುದುಕ, ಸಾವು ಎಂದರೆ ಸಾವು. ದ್ರೋಹಿ ಎಂದರೆ ದ್ರೋಹ. ಅಲ್ಲಿ ಯಾರೋ ಮನೆಯಲ್ಲಿ ಎಲೆ ಹಾಸಿ ಕಣಿ ಕೇಳಿದಾಗ ಸಿಕ್ಕ ಉತ್ತರ, ಮುನ್ನೂರು ವರ್ಷ ಹಿಂದೆ ಫ್ಲಾರೆನ್ಸಿನ ಗೋಡೆ ಹೇಳುತ್ತಿದ್ದದ್ದೇ.

ಬೊಲೊನ್ಯಾದಲ್ಲಿ ಈ ಎಲೆಗಳ ಮೇಲೆ ಸರ್ಕಾರದ ಕಣ್ಣು ಬಿದ್ದದ್ದೂ ಉಂಟು. 1725ರಲ್ಲಿ ಕ್ಯಾನನ್ ಮೊಂತಿಯೇರಿ ಎಲೆಗಳ ಮೇಲೆ ಭೂಗೋಳದ ಮಾಹಿತಿ ಅಚ್ಚುಮಾಡಿಸಿ, ನಗರದ ಆಡಳಿತವನ್ನು ‘ಮಿಶ್ರ ಸರ್ಕಾರ’ ಎಂದದ್ದು ಪೋಪನ ಪ್ರತಿನಿಧಿಗೆ ಸಹಿಸಲಿಲ್ಲ. ಬಂಧನ, ಗಲಾಟೆ, ಕೊನೆಗೆ ರಾಜಿ: ಪೋಪ್, ಚಕ್ರವರ್ತಿ ಮುಂತಾದ ನಾಲ್ಕು ಎಲೆಗಳ ಜಾಗದಲ್ಲಿ ನಾಲ್ಕು ಮೂರ್ ಜನ ಬಂದರು. ದ್ರೋಹಿಯ ತಂಟೆಗೆ ಯಾರೂ ಹೋಗಲಿಲ್ಲ. ಆ ಊರಿನಲ್ಲಿ ಈಗಲೂ 62 ಎಲೆಗಳ ಈ ಆಟ ಆಡುತ್ತಾರೆ. ದ್ರೋಹಿ ಮುದುಕನನ್ನು ಹೊಡೆಯುತ್ತಾನೆ, ಸಾವು ಬಿದ್ದರೆ ಸೋಲುತ್ತಾನೆ.